ಎರಡು ಡಬ್ಬಿ, ಒಂದೇ ಚೀಟಿ

'ಬೀಫ್' ಎಂದು ಚೀಟಿ ಅಂಟಿಸಿದ ಡಬ್ಬಿ ಎರಡು ಬಂದವು
ಒಂದೇ ಮಂಗಳವಾರ, ಒಂದೇ ಲಿಫ್ಟಿನಲ್ಲಿ.
ಒಂದು ಹಂಟ್ಸ್ ಪಾಯಿಂಟಿನ ಮಾಂಸದ ಮಂಡಿಯಿಂದ,
ಇನ್ನೊಂದು ಇಬ್ಬರು ರ‍್ಯಾಪರುಗಳ
ಹನ್ನೊಂದು ವರ್ಷದ ಹಗೆಯಿಂದ.
ಬ್ರಾಂಕ್ಸಿನ ನಮ್ಮ ಬೀದಿಯಲ್ಲಿ ಎರಡಕ್ಕೂ ಅದೇ ಹೆಸರು,
ದನದ ತೊಡೆಗೂ, ಮಾತಿನ ಇರಿತಕ್ಕೂ.
ಯಾಕೆಂದು ಕೇಳಿದರೆ ತಲೆಗೊಂದು ಕತೆ.

ನಾನು ಒಡೆಸ್ಸಾ ಪ್ರುಯಿಟ್, ಸಾಕ್ಷ್ಯಚಿತ್ರ ಜೋಡಿಸುವವಳು.
ಬೇರೆಯವರು ತಂದು ಸುರಿದದ್ದನ್ನು ಕತ್ತರಿಸಿ
ಐವತ್ತೆರಡು ನಿಮಿಷಕ್ಕೆ ಇಳಿಸಬೇಕು.
ಕಟುಕರ ಕಸುಬೇ. ಏಪ್ರನ್ ಬೇಡ, ಅಷ್ಟೆ.

ಮಂಡಿಯ ಡಬ್ಬಿಯಲ್ಲಿ ಫ್ಲೋರಿಯನ್ ಝಬೊರೊವ್‌ಸ್ಕಿ,
ಎಪ್ಪತ್ತೊಂದು ವರ್ಷ, ಎಡಗೈಗೆ ನಾಲ್ಕೇ ಬೆರಳು,
ಬೆಳಗಿನ ಜಾವ ಮೂರಕ್ಕೆ ಕತ್ತಿ ಮಸೆಯುತ್ತಾನೆ.
ಸರಕ್. ಸರಕ್. ಕ್ಯಾಮೆರಾ ಕಡೆ ನೋಡುವುದಿಲ್ಲ.
'ಕೈ ಕಡಿಯೋದು ಮೊಂಡು ಕತ್ತಿ,' ಅನ್ನುತ್ತಾನೆ,
'ಹರಿತವಾದದ್ದಕ್ಕೆ ಕೀಲು ಎಲ್ಲಿದೆ ಗೊತ್ತಿರುತ್ತೆ.'

ಇನ್ನೊಂದರಲ್ಲಿ ನಿಕಲ್ ಪ್ರೀಚ್ ಮತ್ತು ಸೇಂಟ್ ಲೆರಾಯ್.
ಬೇರೆ ಬೇರೆ ಸೋಫಾ, ಬೇರೆ ಬೇರೆ ವಕೀಲರು.
ಇವರೂ ಕತ್ತಿ ಮಸೆದವರೇ,
ಪ್ರಾಸದ ಕಲ್ಲಿನ ಮೇಲೆ.
ಇವನು ಅವನ ಹರಿದ ಬೂಟನ್ನು ಹಾಡಿದ,
ಅವನು ಇವನ ತೊದಲನ್ನು.
ಆಮೇಲೆ ಸತ್ತ ಅಣ್ಣನೊಬ್ಬನನ್ನು
ಎರಡನೆಯ ಚರಣಕ್ಕೆ ಎಳೆದು ತಂದರು,
ಪ್ರಾಸ ಕೂತಿತೆಂಬ ಒಂದೇ ಕಾರಣಕ್ಕೆ.
ಆಮೇಲೆ ಒಂದು ರಾತ್ರಿ ಕಾರಿನ ಗಾಜು,
ಒಬ್ಬ ಹುಡುಗನ ಮೊಣಕಾಲು.
ಆ ಹುಡುಗ ಯಾರ ಕಡೆಯವನೂ ಅಲ್ಲ,
ಬಟ್ಟೆ ಒಗೆಯುವ ಅಂಗಡಿಗೆ ಬಂದಿದ್ದ
ಮುಷ್ಟಿಯಲ್ಲಿ ಚಿಲ್ಲರೆ ಹಿಡಿದು.

ಗುರುವಾರ ನಡುರಾತ್ರಿ ನಿದ್ದೆಗಣ್ಣಲ್ಲಿ ತಪ್ಪು ಮಾಡಿದೆ.
ಚೀಟಿ ಒಂದೇ ಅಲ್ಲವೆ.
ಪರದೆಯ ಮೇಲೆ ಫ್ಲೋರಿಯನ್,
ಕಿವಿಯಲ್ಲಿ ಸೇಂಟ್ ಲೆರಾಯ್:
'ನನ್ನ ಒಳಗಿನದನ್ನೆಲ್ಲ ಬಲ್ಲವನು ಅವನು,
ಎಲ್ಲಿ ಮುಟ್ಟಿದರೆ ಬಿಚ್ಚಿಕೊಳ್ಳುತ್ತೆ ಅಂತ ಅವನಿಗಲ್ಲದೆ
ಇನ್ಯಾರಿಗೆ ಗೊತ್ತು?'
ಆ ಹೊತ್ತಿಗೇ ಕತ್ತಿ ಕೀಲು ಹೊಕ್ಕಿತು.
ಸದ್ದೇ ಇಲ್ಲ. ತೊಡೆ ತಾನಾಗಿ ಕಳಚಿತು.
ಎದ್ದು ಹೋಗಿ ನೀರು ಕುಡಿದೆ.

ಮಂಡಿಯ ಹತ್ತೊಂಬತ್ತನೆಯ ಟೇಪಿನಲ್ಲಿ ಒಬ್ಬ ಅಜ್ಜಿ,
ಯೂಲಲೀ ಗ್ರಾಂಡಿಸನ್.
ಶನಿವಾರಕ್ಕೊಮ್ಮೆ ನಾಲ್ಕು ಪೌಂಡು ಮೊಣಕಾಲಿನ ಮಾಂಸ.
ಒಬ್ಬಳಿಗೆ ಇಷ್ಟೊಂದಾ ಎಂದು ಯಾರೋ ಕೇಳುತ್ತಾರೆ.
'ಕೈಗೆ ಅಳತೆ ಅಭ್ಯಾಸ ಆಗಿಬಿಟ್ಟಿದೆ ಕಣಪ್ಪ.
ಮೊಮ್ಮಗ ಲೆರಾಯ್, ಅವನ ಗೆಳೆಯ ಕಾರ್ಲಿಸ್.
ಒಂದೇ ಪಾತ್ರೆಯಲ್ಲಿ ಅದ್ದಿ ತಿಂದು ಬೆಳೆದವು.
ಹೊಟ್ಟೆಗೆ ಹಾಕ್ಕೊಳ್ರೋ ಅಂತ ಎಷ್ಟು ಸಲ ಹೇಳಿದೆ,
ಊಟಕ್ಕೆ ಕರೆದೆ ಅಂದುಕೊಂಡು
ಇನ್ನೊಂದು ಸೌಟು ಬಡಿಸಿಕೊಂಡವು.'
ಅವಳ ಹಿಂದೆ ಫ್ರಿಜ್ಜಿನ ಬಾಗಿಲಲ್ಲಿ
ಹಲ್ಲುಬಿದ್ದ ಇಬ್ಬರು ಹುಡುಗರ ಫೋಟೋ.
ಒಬ್ಬನ ಬೂಟು ಹರಿದಿದೆ.

ಅಡುಗೆಯ ನಿರ್ಮಾಪಕ ಅಂದ: ಇವಳು ವಿಷಯಕ್ಕೆ ಹೊರಗೆ.
ಹಗೆಯ ನಿರ್ಮಾಪಕ ಅಂದ: ಸಾರು ಯಾಕೆ, ಗುಂಡು ಎಲ್ಲಿ?
ಸರಿ, ಕತ್ತರಿಸಿದೆ. ಬಾಡಿಗೆ ನಾನೂ ಕಟ್ಟಬೇಕು.

ಒಂದನ್ನು ಮಾತ್ರ ಕದ್ದು ಉಳಿಸಿದೆ.
ಜಗಳದ ಚಿತ್ರದಲ್ಲಿ, ಇಬ್ಬರೂ ಬೈದಾಡುವಲ್ಲೆಲ್ಲ,
ಡ್ರಮ್ಮಿನ ಅಡಿಗೆ, ಕೇಳಿಯೂ ಕೇಳದಷ್ಟು ಸಣ್ಣಗೆ,
ಫ್ಲೋರಿಯನ್ನನ ಮಸೆಗಲ್ಲು. ಸರಕ್. ಸರಕ್.
ಇಬ್ಬರು ವಕೀಲರೂ ನೋಡಿದರು, ಸಹಿ ಹಾಕಿದರು.
ವಿಮರ್ಶಕನೊಬ್ಬ 'ಬಿಗಿಯಾದ ಲಯ' ಎಂದ.

ಪ್ರಸಾರವಾದ ಮರುದಿನ ಆಫೀಸಿಗೆ ಫೋನು,
ಮುದಿ ದನಿ, ಟೀವಿ ಇನ್ನೂ ಗುನುಗುತ್ತಿತ್ತು ಹಿಂದೆ:
'ಹುಡುಗರು ಕಿರುಚಾಡುವಾಗ ಒಳಗೆ ಯಾರೋ
ಅಡುಗೆಗೆ ಚಾಕು ಮಸೀತಿದ್ರಲ್ಲಮ್ಮ.
ಯಾರು ಬರ್ತಿದಾರೆ ಊಟಕ್ಕೆ?'